ಹಸಿವಿನಿಂದ ಸಾಲ ತೀರದು

ಯಹೂದಿಯರ ಉಪವಾಸದ ಪ್ರಸ್ತಾಪ ಬಂದೊಡನೆ 'ಅವರದು ಬರಿಯ ಆಚಾರ, ನಮ್ಮದು ಆರಾಧನೆ' ಎಂದುಬಿಡುವುದು ನಮ್ಮಲ್ಲಿ ಅನೇಕರ ರೂಢಿ. ಈ ಮಾತು ಸತ್ಯಕ್ಕೆ ದೂರ. ನಮ್ಮ ಆತ್ಮಹಿತಕ್ಕೂ ಮಾರಕ.

ಯಹೂದಿ ಪಂಚಾಂಗದ ತಿಶ್ರಿ ಮಾಸದ 10ನೇ ದಿನವೇ ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನ. ಸುಮಾರು 25 ತಾಸುಗಳ ಕಾಲ ಅನ್ನ ನೀರು ವರ್ಜ್ಯ. ಸ್ನಾನ, ತೈಲಲೇಪನ, ಚರ್ಮದ ಪಾದರಕ್ಷೆ, ದಾಂಪತ್ಯ ಸಂಬಂಧಗಳೂ ನಿಷಿದ್ಧ. ಆದರೆ ಅವರ ಧರ್ಮಶಾಸ್ತ್ರವಾದ ಮಿಶ್ನಾ ಇಲ್ಲೊಂದು ಗೆರೆ ಎಳೆದಿದೆ. ದೇವನಿಗೆ ಎಸಗಿದ ತಪ್ಪಿಗೆ ಈ ದಿನವು ಪ್ರಾಯಶ್ಚಿತ್ತವಾದೀತು. ಮನುಷ್ಯನಿಗೆ ಎಸಗಿದ ಅನ್ಯಾಯಕ್ಕೆ, ಆತನನ್ನು ಸಮಾಧಾನಪಡಿಸುವ ತನಕ ಆಗದು. ಅಂದು ಬೆಳಿಗ್ಗೆ ಪಠಿಸುವ ಯೆಶಾಯನ ಭಾಗವು, ಕೂಲಿಯಾಳುಗಳನ್ನು ಹಿಂಸಿಸುತ್ತಲೇ ಉಪವಾಸವಿರುವವರನ್ನು ತರಾಟೆಗೆ ತೆಗೆದುಕೊಳ್ಳುತ್ತದೆ. ಮಧ್ಯಾಹ್ನ ಓದುವುದು ನಮಗೂ ಪರಿಚಿತರಾದ ಪ್ರವಾದಿ ಯೂನುಸ್(ಅ)ರ ವೃತ್ತಾಂತವನ್ನು.

ಫೆಲೆಸ್ತೀನಿನ ನೋವು ಕಣ್ಣೆದುರಿಗಿರುವಾಗ ಇದನ್ನೇಕೆ ಹೇಳಬೇಕು ಎಂದು ಕೆಲವರು ಕೇಳಬಹುದು. ಅನ್ಯಾಯವೆಸಗುವವರನ್ನು ಅವರದೇ ಗ್ರಂಥದ ಈ ಗೆರೆ ಪ್ರಶ್ನಿಸುತ್ತದೆ ಎಂಬುದೇ ನಮ್ಮ ಉತ್ತರ. ಆದರೆ ಅದೇ ಗೆರೆ ನಮ್ಮನ್ನು ಬಿಟ್ಟೀತೇ?

ಮದೀನಾದ ಯಹೂದಿಯರು ಮೂಸಾ(ಅ)ರ ವಿಮೋಚನೆಯ ಸ್ಮರಣೆಗಾಗಿ ಉಪವಾಸವಿದ್ದುದನ್ನು ಕಂಡ ಪ್ರವಾದಿ(ಸ) ಅವರನ್ನು ಹೀಯಾಳಿಸಲಿಲ್ಲ. ಮೂಸಾ(ಅ)ರ ಮೇಲೆ ನಮಗೆ ಹೆಚ್ಚಿನ ಹಕ್ಕಿದೆಯೆಂದು ತಿಳಿಸಿ ತಾವೂ ಉಪವಾಸವಿದ್ದರು, ಅನುಯಾಯಿಗಳಿಗೂ ಆದೇಶಿಸಿದರು. ಮುಹರ್ರಮ್ 10ರ ಆಶೂರಾ ಉಪವಾಸವು ಗತವರ್ಷದ ಪಾಪಗಳಿಗೆ ಪರಿಹಾರವೆಂದು ಹದೀಸ್‌ಗಳಲ್ಲಿದೆ. ಈ ಶುಭವಾರ್ತೆಯನ್ನು ನಾವು ಬಾಯಿಪಾಠ ಮಾಡಿಕೊಂಡಿದ್ದೇವೆ. ಹುತಾತ್ಮನಿಗೂ ಸಾಲದಿಂದ ಮುಕ್ತಿಯಿಲ್ಲವೆಂಬ ಎಚ್ಚರಿಕೆಯನ್ನು ಮಾತ್ರ ಮರೆತಿದ್ದೇವೆ. ನಮಾಝ್, ಉಪವಾಸ, ಝಕಾತ್‌ಗಳೊಡನೆ ಬಂದೂ ಪರರನ್ನು ನಿಂದಿಸಿದ, ಪರರ ಸೊತ್ತು ತಿಂದ ಕಾರಣಕ್ಕೆ ಪರಲೋಕದಲ್ಲಿ ದಿವಾಳಿಯಾಗುವವನ ಬಗ್ಗೆ ಪ್ರವಾದಿ(ಸ) ತಿಳಿಸಿಲ್ಲವೇ?

ಸಹೋದರಿಯ ವಾರೀಸು ಪಾಲನ್ನು ನುಂಗಿದವನು ಆಶೂರಾ ಉಪವಾಸ ಆಚರಿಸಿದರೆ ಆ ಪಾಲು ಹಲಾಲ್ ಆಗುವುದೇ? ಕೆಲಸದಾಳಿನ ಕೂಲಿಯನ್ನು ತಡೆಹಿಡಿದವನ ಬಾಯಾರಿಕೆಯಿಂದ ಆ ಆಳಿನ ಮನೆಯ ಒಲೆ ಉರಿಯುವುದೇ? ಇತರರ ಉಪವಾಸವನ್ನು ತೂಗಲು ತಕ್ಕಡಿ ಹಿಡಿದ ನಾವು ಮೊದಲು ನಮ್ಮದನ್ನು ತೂಗೋಣ. ತೌಬಾ ಎಂದರೆ ಮರಳುವುದು. ಮರಳುವವನು ಪರರಿಂದ ಕಸಿದುದನ್ನು ಮರಳಿಸಿಯೇ ಬರಬೇಕು. ಮುಂದಿನ ಆಶೂರಾದ ಸಹರಿಗೆ ಏಳುವ ಮುನ್ನ, ನಾವು ಯಾರ ಬಾಗಿಲು ತಟ್ಟಬೇಕಾಗಿದೆಯೆಂದು ಯೋಚಿಸೋಣ. ಅಲ್ಲಾಹನು ನಮಗೆ ಅನುಗ್ರಹಿಸಲಿ, ಆಮೀನ್.