ಬಾವಲಿಯ ನೆಂಟರು ಯಾರು?

ಹನೂರು ತಾಲೂಕಿನ ಗೋಪಿನಾಥಂ ಎಂದೊಡನೆ ನಿಮಗೆ ವೀರಪ್ಪನ್ ನೆನಪಾಗಬಹುದು. ಅವನ ಕಥೆ 2004ರಲ್ಲೇ ಮುಗಿಯಿತು. ಆ ಊರಿನ ಸುತ್ತಲಿನ ಕಾವೇರಿ ವನ್ಯಧಾಮದಲ್ಲಿ ನಾಯಿಯಂತೆ ಬೊಗಳುವ ಪುಟ್ಟ ಜಿಂಕೆಯೊಂದಿದೆ, ಹೆಸರು ಕಾಡುಕುರಿ. ನಾನು ಹೇಳಹೊರಟಿರುವುದು ಬಾವಲಿಯ ವಿಷಯ. ಆದರೆ ಕಾಡುಕುರಿಯಿಂದ ಆರಂಭಿಸಿದರೆ ಅದು ಸುಲಭವಾಗಿ ಅರ್ಥವಾಗುತ್ತದೆ.

ತಂದೆತಾಯಿಯ ಗುಣಗಳು ಮಕ್ಕಳಿಗೆ ಬರುವುದು ಜೀವಕೋಶದೊಳಗಿನ ವರ್ಣತಂತುಗಳೆಂಬ ಎಳೆಗಳ ಮೂಲಕ. (ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ಎಳೆಯನ್ನು ಅವಲಂಬಿಸಿದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವವರು ಈ ಸಾಲನ್ನು ಎರಡು ಸಲ ಓದಲಿ.) ಮನುಷ್ಯರಲ್ಲಿ ಇಂತಹ ಎಳೆಗಳು 46. ಭಾರತದ ಕಾಡುಕುರಿಯ ಹೆಣ್ಣಿನಲ್ಲಿ ಕೇವಲ 6, ಗಂಡಿನಲ್ಲಿ 7. ಅದರ ಹತ್ತಿರದ ಬಂಧುವಾದ ಚೀನಾದ ಕಾಡುಕುರಿಯಲ್ಲೋ 46! ನಮಗೂ 46, ಅದಕ್ಕೂ 46. ಹಾಗೆಂದು ನಾವು ನೆಂಟರೇ? ಎಳೆಗಳು ಒಂದಕ್ಕೊಂದು ಸೇರಿಕೊಂಡರೆ ಸಂಖ್ಯೆ ಇಳಿಯುತ್ತದೆ, ಅಷ್ಟೆ. ಆದ್ದರಿಂದ ಎಣಿಸಿದರೆ ಸಾಲದು, ಒಳಗಿನ ತುಂಡುಗಳನ್ನು ಹೋಲಿಸಬೇಕು.

ಈಗ ಬಾವಲಿಗೆ ಬರೋಣ. ಹುಣಸೆಮರದಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಹಣ್ಣುಬಾವಲಿಗೂ ಗುಹೆಯಲ್ಲಿರುವ ಪುಟ್ಟ ಕೀಟಬಾವಲಿಗೂ ಏನು ಸಂಬಂಧ? 1986ರಲ್ಲಿ ಆಸ್ಟ್ರೇಲಿಯಾದ ಪೆಟ್ಟಿಗ್ರೂ ಎಂಬವರು, ಕಣ್ಣಿನಿಂದ ಮೆದುಳಿಗೆ ಹೋಗುವ ನರಗಳನ್ನು ನೋಡಿ, ಹಣ್ಣುಬಾವಲಿ ಕೋತಿಗಳ ಕಡೆಯದು ಎಂದು ವಾದಿಸಿದರು. ದೊಡ್ಡ ಚರ್ಚೆಯೇ ನಡೆಯಿತು.

ಜರ್ಮನಿಯ ಮಹಿಳಾ ವಿಜ್ಞಾನಿ ಮರಿಯಾನೆ ವೊಲೆತ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಬಳಸಿದರು. ಮನುಷ್ಯನ ವರ್ಣತಂತುಗಳಿಗೆ ಹೊಳೆಯುವ ಬಣ್ಣ ಕಟ್ಟಿ ಬಾವಲಿಯ ವರ್ಣತಂತುಗಳ ಮೇಲೆ ಹರಡುವುದು. ಹೋಲುವ ಭಾಗಕ್ಕೆ ಬಣ್ಣ ಅಂಟಿಕೊಳ್ಳುತ್ತದೆ. ನೀವು ಕೌದಿ ಹೊಲಿದವರಾದರೆ ತಕ್ಷಣ ಅರ್ಥವಾದೀತು: ಯಾವ ಬಟ್ಟೆಯ ಪಕ್ಕದಲ್ಲಿ ಯಾವುದನ್ನು ಜೋಡಿಸಿದೆ ಎಂದು ನೋಡಿದರೆ ಎರಡು ಕೌದಿಗಳು ಒಂದೇ ಮನೆಯವೋ ಎಂದು ಹೇಳಬಹುದು. 2002ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಬೇರೆ ಪ್ರಾಣಿಗಳಲ್ಲಿ ಕಾಣದೆ ಬಾವಲಿಗಳಲ್ಲಿ ಮಾತ್ರ ಕಂಡ ಲಕ್ಷಣಗಳು ಸಿಕ್ಕವು. ಅಂದರೆ ದೊಡ್ಡದೂ ಚಿಕ್ಕದೂ ಒಂದೇ ವಂಶ. ಆದರೆ ಆ ವಂಶದೊಳಗೆ ಹಣ್ಣುಬಾವಲಿಗೆ ಯಾರು ಹತ್ತಿರ ಎಂಬುದು ವರ್ಣತಂತುಗಳಿಂದ ತೀರ್ಮಾನವಾಗಲಿಲ್ಲ. ಅದನ್ನು ಅವರು ಮುಚ್ಚಿಡದೆ ಬರೆದರು. ನನಗೆ ಮೆಚ್ಚಿಗೆಯಾದುದು ಇದೇ. ಡಿಎನ್‌ಎ ಅಕ್ಷರಗಳನ್ನು ಓದಿದವರು ಆ ಗಂಟನ್ನು ಬಿಡಿಸಿದರು: ಹಣ್ಣುಬಾವಲಿಗೆ ಹತ್ತಿರದ ನೆಂಟರು ಎಲೆಮೂಗಿನ ಮತ್ತು ಲಾಳಮೂಗಿನ ಪುಟ್ಟ ಬಾವಲಿಗಳು.

ಅಂತಹ ಒಂದು ಎಲೆಮೂಗಿನ ಬಾವಲಿ ನಮ್ಮ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿದೆ. 1994ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಲಾಯಿತು. 2016ರ ಅಂದಾಜಿನಂತೆ ಉಳಿದಿದ್ದವು ಇನ್ನೂರರೊಳಗೆ. ಕಲ್ಲುಗಣಿಗಾರಿಕೆಯೇ ಅದಕ್ಕೆ ದೊಡ್ಡ ಅಪಾಯ. ವರ್ಣತಂತು ನೋಡಲು ಬಾವಲಿಯನ್ನು ಕೊಲ್ಲಲೇಬೇಕೆಂದಿಲ್ಲ. ರೆಕ್ಕೆಯ ಚರ್ಮದ ಚೂರೊಂದು ಸಾಕು, ಆ ತೂತು ಮತ್ತೆ ಮುಚ್ಚಿಕೊಳ್ಳುತ್ತದೆ.

2018ರಲ್ಲಿ ಕೇರಳದಲ್ಲಿ ನಿಪಾ ಬಂದ ಮೇಲೆ ಬಾವಲಿಯ ಭಯ ಹೆಚ್ಚಿದೆ. ಬಾವಲಿ ಕಚ್ಚಿದ ಹಣ್ಣನ್ನು ಮಕ್ಕಳಿಗೆ ಕೊಡಬೇಡಿ. ಮನೆಯೊಳಗೆ ಬಂದರೆ ಪೊರಕೆ ಹಿಡಿಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ದೀಪ ಆರಿಸಿ, ಕಿಟಕಿ ತೆರೆದಿಡಿ. ಅದೇ ಹೊರಟು ಹೋಗುತ್ತದೆ.