ಅಡಿಗೆಮನೆಯ ನಡುಗಟ್ಟೆ

ಹಳೆಯ ಕಟ್ಟಡಗಳನ್ನು ಕೆಡವಿ ಹೊಸವನ್ನು ಎಬ್ಬಿಸುತ್ತಿರುವ ಈ ದಿನಗಳಲ್ಲಿ, ಡೊಂಬಿವಲಿಯ ನಮ್ಮ ಸೋದರಿಯರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: ಹೊಸ ಫ್ಲ್ಯಾಟಿನಲ್ಲಿ ಗೋಡೆಗೆ ತಾಗದೆ ನಡುವೆ ನಿಲ್ಲುವ ಅಡಿಗೆಕಟ್ಟೆಯನ್ನು ಮಾಡಿಸಬಹುದೇ? ಅದರ ಕಲ್ಲು ಎಷ್ಟು ಹೊರಚಾಚಿರಬೇಕು? ಮಾರುವವರು ಇದನ್ನು ಐಲ್ಯಾಂಡ್, ಎಂದರೆ ದ್ವೀಪ, ಎನ್ನುತ್ತಾರೆ. ನಮಗೆ ನಡುಗಟ್ಟೆ ಎಂದರೆ ಸಾಕು.

ಅಂಗುಲದ ಬೆಲೆಯನ್ನು ನಮ್ಮೂರಿನವರಿಗೆ ಯಾರೂ ಕಲಿಸಬೇಕಾದ್ದಿಲ್ಲ. ಬೆಳಗಿನ ಲೋಕಲ್ಲಿನಲ್ಲಿ ಮೂವರ ಬೆಂಚಿನ ತುದಿಗೆ ನಾಲ್ಕನೆಯವರಾಗಿ ಕುಳಿತವರಿಗೆಲ್ಲ ಆರಂಗುಲವೆಂದರೇನೆಂಬುದು ಗೊತ್ತು. ಆದರೆ ಅದೇ ಜನ ಮನೆಯ ಮಾತು ಬಂದಾಗ ಬಣ್ಣದ ಚಿತ್ರಕ್ಕೆ ಮರುಳಾಗಿ ಮುಂಗಡ ಕೊಟ್ಟುಬಿಡುತ್ತಾರೆ! ಮೊದಲು ಲೆಕ್ಕ ಹಾಕೋಣ. ಗೋಡೆಯ ಕಟ್ಟೆಗೆ 24 ಅಂಗುಲ. ಒಬ್ಬರು ಒಲೆಯ ಮುಂದಿರುವಾಗ ಇನ್ನೊಬ್ಬರು ಹಿಂದೆ ಹಾದುಹೋಗಲು 40. ನಡುಗಟ್ಟೆಯ ಪೆಟ್ಟಿಗೆಗೆ 24. ಆಚೆ ಕುಳಿತವರ ಮೊಣಕಾಲಿಗೆ ಕಲ್ಲಿನ ಹೊರಚಾಚು 15. ಅವರ ಕುರ್ಚಿಗೆ 36. ಒಟ್ಟು 139 ಅಂಗುಲ, ಎಂದರೆ 11 ಅಡಿ 7 ಅಂಗುಲ. ಎಂಟಡಿ ಅಗಲದ ಅಡಿಗೆಮನೆಯಲ್ಲಿ ಈ ಮಾತನ್ನು ಎತ್ತುವಂತೆಯೇ ಇಲ್ಲ. ನಡುಮನೆಯ ಕಡೆಯ ಗೋಡೆ ತೆಗೆದರೆ ಸಾಧ್ಯ. ಅದಕ್ಕೆ ಮುಂಚೆ ಆ ಗೋಡೆ ಭಾರ ಹೊತ್ತಿಲ್ಲವೆಂದು ಇಂಜಿನಿಯರರಿಂದ ತಿಳಿದು, ಸೊಸೈಟಿಯ ಲಿಖಿತ ಒಪ್ಪಿಗೆಯನ್ನೂ ಪಡೆಯತಕ್ಕದ್ದು.

ಚಿಕ್ಕ ಅಡಿಗೆಮನೆ ಎಂದು ಮುಖ ಸಣ್ಣಗೆ ಮಾಡುವವರಿಗೆ ಒಂದು ಮಾತು. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಅಡಿಗೆಮನೆಯೊಂದನ್ನು ರೂಪಿಸಿದರು. ಅದರ ಅಗಲ ಸುಮಾರು 1.9 ಮೀಟರು, ಉದ್ದ 3.4 ಮೀಟರು, ನಮ್ಮ ಎಷ್ಟೋ ಮನೆಗಳದಕ್ಕಿಂತ ಅಗಲದಲ್ಲಿ ಕಡಿಮೆಯೇ. ರೈಲಿನ ಊಟದ ಡಬ್ಬಿಯಲ್ಲಿ ಅಡಿಗೆಯವರು ಹೇಗೆ ಕೆಲಸ ಮಾಡುತ್ತಾರೆಂದು ನೋಡಿ ಹಾಕಿದ ಲೆಕ್ಕವಂತೆ ಅದು. ಅಷ್ಟು ಇಕ್ಕಟ್ಟಿನಲ್ಲಿಯೂ ಆಕೆ ಕಿಟಕಿಯ ಬಳಿ ಕುಳಿತು ಕೆಲಸ ಮಾಡಲು ತಿರುಗುವ ಸ್ಟೂಲೊಂದನ್ನು ಇಟ್ಟರು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಪೆಟ್ಟಿಗೆಗಳು. ಇವು ಸಾಮಾನ್ಯವಾಗಿ 45, 60, 90 ಸೆಂಟಿಮೀಟರಿನ ಅಗಲದಲ್ಲಿ ಬರುತ್ತವೆ. ಅದು ಹೊರಗಿನ ಅಳತೆ. ಹಲಗೆ 18 ಮಿಲಿಮೀಟರು ದಪ್ಪವಾದರೆ 60ರ ಪೆಟ್ಟಿಗೆಯೊಳಗೆ ನಿಮಗೆ ಸಿಗುವುದು 56.4 ಮಾತ್ರ. ಆದ್ದರಿಂದ ಇಡ್ಲಿಪಾತ್ರೆ, ಗ್ರೈಂಡರು, ಹಬ್ಬದ ದೊಡ್ಡ ಬೋಗುಣಿ ಇವನ್ನೆಲ್ಲ ಟೇಪು ಹಿಡಿದು ಅಳೆದು ಬರೆದುಕೊಂಡ ಮೇಲೆಯೇ ಬಡಗಿಯ ಮಾತಿಗೆ ತಲೆಯಾಡಿಸಬೇಕು. ಪೆಟ್ಟಿಗೆಯ ಬುಡದಲ್ಲಿ ಪಾದದ ತುದಿ ಒಳಸೇರುವಂತೆ ನಾಲ್ಕಂಗುಲ ಎತ್ತರ, ಮೂರಂಗುಲ ಆಳದ ಖಾಲಿ ಜಾಗವಿರಲಿ. ಇಲ್ಲವಾದರೆ ದಿನವೆಲ್ಲ ಮುಂದಕ್ಕೆ ಬಾಗಿ ಸೊಂಟ ಹಿಡಿಯುತ್ತದೆ.

ಹೊರಚಾಚಿನಲ್ಲಿ ನಾವು ಪೆಟ್ಟು ತಿಂದವರು. ಕೆಲಸದ ಕಡೆಗೆ ಕಲ್ಲು ಬಾಗಿಲಿಗಿಂತ ಒಂದಂಗುಲ ಮುಂದಿದ್ದರೆ ಸಾಕು, ಅಡಿಯಲ್ಲಿ ಸಣ್ಣ ಗೆರೆ ಕೊರೆಸಿದರೆ ನೀರು ಹಲಗೆಗೆ ಇಳಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ ಎಂಬುದು ನಮಗೆ ತಿಳಿದಿತ್ತು. ಅಂದಕ್ಕೆಂದು ಅಂಚಿಗೆ ಎರಡು ಪದರ ಕಲ್ಲು ಕೂಡಿಸಿ ದುಂಡಗೆ ಮಾಡಿಸಿದೆವು. ಗೃಹಪ್ರವೇಶದ ಮರುದಿನ ತೆಂಗಿನಕಾಯಿ ತುರಿಯಲು ಹೋದರೆ, ತಿರುಪಿನ ತುರಿಯುವ ಯಂತ್ರ ಆ ದಪ್ಪಕ್ಕೆ ಹಿಡಿಯಲೊಲ್ಲದು! ಕೊನೆಗೆ ಅಟ್ಟದಿಂದ ತುರಿಮಣೆಯನ್ನೇ ಇಳಿಸಬೇಕಾಯಿತು. ಇಷ್ಟು ಖರ್ಚಾದ ಮೇಲೂ ನಮ್ಮ ತಾಯಿಯವರು ನೆಲದ ಮೇಲೆ ಕುಳಿತು ತುರಿದರು. ಎದ್ದೇಳಲು ಇಬ್ಬರು ಕೈಹಿಡಿಯಬೇಕಾಯಿತು. ಮರುವಾರದಿಂದ ಅವರು ಅಡಿಗೆಮನೆಗೆ ಬರುವುದನ್ನೇ ಕಡಿಮೆ ಮಾಡಿದರು. ಯಾರೂ ಬೇಡವೆಂದಿರಲಿಲ್ಲ, ಕೂರಲು ಜಾಗವಿರಲಿಲ್ಲ. ಈಳಿಗೆಮಣೆಯ ಮುಂದೆ ಐವತ್ತು ವರ್ಷ ಕುಳಿತವರು ಸೋಫಾದ ಮೇಲೆ ಸುಮ್ಮನೆ ಕೈಕಟ್ಟಿ ಕುಳಿತುದನ್ನು ನೋಡಿದಾಗ ನಮ್ಮ ತಪ್ಪು ಅರಿವಾಯಿತು.

ಚಿತ್ರಗಳಲ್ಲಿ ಕಾಣುವಂತೆ 36 ಅಂಗುಲ ಎತ್ತರದ ಕಟ್ಟೆಗೆ 15 ಅಂಗುಲ ಹೊರಚಾಚು ಬಿಟ್ಟು ಎತ್ತರದ ಸ್ಟೂಲು ಹಾಕಬಹುದು. ಹುಡುಗರು ಹಾರಿ ಕೂರುತ್ತಾರೆ. ಎಪ್ಪತ್ತು ದಾಟಿದವರು ಹತ್ತುವುದೆಂತು? ಜೊತೆಗೆ, ನಮ್ಮಲ್ಲಿ ಹಾಕುವ ಮುಕ್ಕಾಲಂಗುಲದ ಗ್ರಾನೈಟು ಆರಂಗುಲಕ್ಕಿಂತ ಹೆಚ್ಚು ಹೊರಚಾಚಿದರೆ ಕಬ್ಬಿಣದ ಆಧಾರ ಬೇಕೇ ಬೇಕು; ಒಬ್ಬರು ಅದರ ಮೇಲೆ ಕೈಯೂರಿ ಎದ್ದರೆ ಬಿರುಕು ಬಿಟ್ಟೀತು.

ನಾವು ಆಮೇಲೆ ಮಾಡಿಸಿದ್ದು ಹೀಗೆ: ನಡುಗಟ್ಟೆಯ ಒಂದು ತುದಿಯಲ್ಲಿ 36 ಅಂಗುಲ ಉದ್ದದಷ್ಟನ್ನು 30 ಅಂಗುಲ ಎತ್ತರಕ್ಕೆ ಇಳಿಸಿದೆವು. ಅಲ್ಲಿ ಪೆಟ್ಟಿಗೆಯಿಲ್ಲ, ಡ್ರಾಯರಿಲ್ಲ. ಕಬ್ಬಿಣದ ಚೌಕಟ್ಟಿನ ಮೇಲೆ ಕಲ್ಲು. ಅದರ ಅಡಿಯಲ್ಲಿ ಮೊಣಕಾಲಿಗೆ 18 ಅಂಗುಲ ಆಳ. ಹೊರಚಾಚನ್ನು ಹೊರಗೆ ಹುಡುಕದೆ ಕಟ್ಟೆಯೊಳಗೇ ಕೊರೆದುಕೊಂಡಂತಾಯಿತು. ಮೇಲಿನ ಲೆಕ್ಕದಲ್ಲಿ 15 ಅಂಗುಲ ಉಳಿದು 139 ಇದ್ದದ್ದು 124ಕ್ಕೆ ಇಳಿಯಿತು. ಊಟದ ಮೇಜಿನ ಕುರ್ಚಿಯೇ ಅಲ್ಲಿಗೆ ಸಾಕು. ಅಂಚು ಒಂದೇ ಪದರ, ಎರಡೂವರೆ ಅಂಗುಲ ಬಿಡುವು. ತುರಿಯುವ ಯಂತ್ರ ಗಟ್ಟಿಯಾಗಿ ಕೂರುತ್ತದೆ. ಬಿಜಾಪುರದ ಕಡೆಯ ನಮ್ಮ ನೆರೆಮನೆಯವರು ಇದನ್ನು ಕಂಡು ತಮ್ಮಲ್ಲಿಯೂ ಹಾಗೆಯೇ ಮಾಡಿಸಿದ್ದಾರೆ. ಜೋಳದ ರೊಟ್ಟಿ ಬಡಿಯಲು ಎತ್ತರದ ಕಟ್ಟೆಗಿಂತ ಈ ತಗ್ಗೇ ಹಿತವೆಂದು ಅವರ ಅಭಿಪ್ರಾಯ.

124 ಅಂಗುಲವೂ ಇಲ್ಲದವರು ನಡುಗಟ್ಟೆಯ ಆಸೆ ಬಿಟ್ಟು, ಗೋಡೆಯ ಕಟ್ಟೆಯ ಕೊನೆಯನ್ನೇ ಹೀಗೆ ತಗ್ಗಿಸಿಕೊಳ್ಳಲಿ. ಹೇಗಾದರೂ ಕಲ್ಲು ಕತ್ತರಿಸುವ ಮುಂಚೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಎರಡು ದಿನ ಅದರ ಸುತ್ತ ಓಡಾಡಿ ನೋಡಿರಿ. ಮನೆಯ ಹಿರಿಯರನ್ನು ಒಮ್ಮೆ ಅಲ್ಲಿ ಕೂರಿಸಿಯೂ ನೋಡಿರಿ. ನಮ್ಮ ತಾಯಿಯವರು ಈಗ ಬೆಳಿಗ್ಗೆ ಆರಕ್ಕೇ ಅಲ್ಲಿ ಹಾಜರು. ಹುರುಳಿಕಾಯಿ ಸೋಸುತ್ತ, ಸಾರಿಗೆ ಉಪ್ಪು ಸಾಲದೆಂದು ಕುಳಿತಲ್ಲಿಂದಲೇ ಹೇಳುತ್ತಾರೆ.