‘ಸಾರಿ’ಯೊಳಗಿನ ನೋವು

ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ ಸಾರಿ, ಮದುವೆಗೆ ತಡವಾಗಿ ಹೋದರೆ ಸಾರಿ, ರಾಂಗ್ ನಂಬರಿಗೆ ಫೋನ್ ಹೋದರೂ ಸಾರಿ. ದಿನಕ್ಕೆ ಎಷ್ಟು ಸಲ ಈ ಪದ ಬಳಸುತ್ತೇವೋ ಲೆಕ್ಕವಿಲ್ಲ. ಆದರೆ ಅದರ ಅರ್ಥವೇನೆಂದು ನಾನು ಯೋಚಿಸಿದ್ದು ನಮ್ಮ ತರಕಾರಿ ತಾತನ ಮುಂದೆ ತಲೆ ತಗ್ಗಿಸಬೇಕಾಗಿ ಬಂದಾಗ.

ಬಸವೇಶ್ವರನಗರದ ನಮ್ಮ ರಸ್ತೆಗೆ ಅವರು ದಿನಾ ಬೆಳಿಗ್ಗೆ ತಳ್ಳುಗಾಡಿ ತರುತ್ತಾರೆ. ಒಂದು ದಿನ ಚಿಲ್ಲರೆಯಲ್ಲಿ ನೂರು ರೂಪಾಯಿ ಕಡಿಮೆ ಕೊಟ್ಟಿರೆಂದು ನಾಲ್ಕು ಜನರೆದುರು ಜೋರು ಮಾಡಿದೆ. ಅವರು ಮಾತಾಡದೆ ಇನ್ನೊಂದು ನೂರರ ನೋಟು ಕೊಟ್ಟರು. ಮನೆಗೆ ಬಂದು ನೋಡಿದರೆ ಮೊದಲಿನ ನೋಟು ಪರ್ಸಿನ ಮೂಲೆಯಲ್ಲಿ ಮಡಚಿಕೊಂಡು ಕುಳಿತಿತ್ತು! ಮರುದಿನ ಹಣ ಹಿಂದಿರುಗಿಸಿ, ಹುರುಳಿಕಾಯಿ ಆರಿಸುತ್ತಲೇ ಮೆಲ್ಲಗೆ “ಸಾರಿ ತಾತ” ಎಂದೆ. “ಇರ್ಲಿ ಬಿಡಿ ಅಮ್ಮ” ಎಂದರು. ಮುಖ ಮಾತ್ರ ಎತ್ತಲಿಲ್ಲ.

ಈ ಸಾರಿ, ದುಃಖ ಎಂಬರ್ಥದ ‘ಸಾರೋ’ದಿಂದ ಬಂದದ್ದೆಂದು ಅನೇಕರು ತಿಳಿದಿದ್ದಾರೆ. ಅವೆರಡರ ಮೂಲ ಬೇರೆ ಬೇರೆ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನ ‘ಸಾರಿಗ್’ ಇದರ ಪೂರ್ವರೂಪ. ಅದು ಹುಟ್ಟಿದ್ದು ನೋವು, ಹುಣ್ಣು ಎಂಬರ್ಥದ ‘ಸಾರ್’ ಎಂಬ ಪದದಿಂದ. ಗಂಟಲು ನೋವಿಗೆ ವೈದ್ಯರು ‘ಸೋರ್ ಥ್ರೋಟ್’ ಎನ್ನುತ್ತಾರಲ್ಲ, ಆ ‘ಸೋರ್’ ಇದರ ಬಂಧು. ಅಂದರೆ ಸಾರಿ ಎನ್ನುವವರು ‘ನನಗೇ ನೋವಾಗಿದೆ’ ಎನ್ನುತ್ತಿದ್ದಾರೆ.

ಕನ್ನಡದ ‘ತಪ್ಪಾಯ್ತು’ ತಪ್ಪನ್ನು ಒಪ್ಪಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಕೇಳಿಬರುವ ‘ಮಾಫಿ’ಯ ಮೂಲ ಅರಬಿಯ ‘ಅಫ್ವ್’. ಅದಕ್ಕೆ ಅಳಿಸಿಬಿಡುವುದು ಎಂಬ ಅರ್ಥವೂ ಇದೆ. ಮೊದಲು ನೋಯಬೇಕು, ಆಮೇಲೆ ಒಪ್ಪಬೇಕು, ಅಳಿಸಿಬಿಡಿರೆಂದು ಕೇಳಬೇಕು. ನನ್ನ ಸಾರಿಯಲ್ಲಿ ಈ ಮೂರೂ ಇರಲಿಲ್ಲ. ಆರೋಪ ಹೊರಿಸಿದ್ದು ನಾಲ್ವರ ಮುಂದೆ, ಕ್ಷಮೆ ಕೇಳಿದ್ದು ಅವರ ಕಿವಿಗೆ ಮಾತ್ರ!

ಕನ್ನಡದಲ್ಲಿ ‘ಸಾರಿ ಹೇಳು’ ಎಂದರೆ ಎಲ್ಲರಿಗೂ ಕೇಳುವಂತೆ ಹೇಳು ಎಂದರ್ಥ. ಮೂರನೆಯ ದಿನ ಅದೇ ನೆರೆಯವರು ಗಾಡಿಯ ಸುತ್ತ ನಿಂತಿದ್ದಾಗ, “ಮೊನ್ನೆ ದುಡ್ಡು ನನ್ನ ಪರ್ಸಿನಲ್ಲೇ ಇತ್ತು ತಾತ, ನಿಮ್ಮದೇನೂ ತಪ್ಪಿಲ್ಲ, ತಪ್ಪು ನಂದೇ” ಎಂದು ಸಾರಿಯೇ ಹೇಳಿದೆ. ಈ ಸಲ ಅವರು ಮುಖ ಎತ್ತಿ ನೋಡಿದರು.

ಜಗಳವಾಡಿದ ಮಕ್ಕಳಿಗೆ “ಸಾರಿ ಹೇಳು” ಎಂದು ಗದರುತ್ತೇವೆ. ಅದರ ಎರಡೂ ಅರ್ಥಗಳನ್ನು ಕಲಿಸಿದರೆ ಹೇಗೆ? ಮೊದಲು ನಾವು ಕಲಿಯೋಣ.